ಕಲಾವತಿ ನುಂಗದ ಮಾತ್ರೆ

ಕುರುಬರಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಕಲಾವತಿ ಹೋದ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಯಸ್ಸು ಐವತ್ತೊಂದು. ಎಂಟು ವರ್ಷದ ಹಿಂದೆ ಅವಳ ಹೃದಯದಲ್ಲಿ ಕೂರಿಸಿದ್ದ ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಅದು ತೆರೆದು ಮುಚ್ಚುವುದನ್ನು ನಿಲ್ಲಿಸಿತ್ತು. ಗಂಡ ಕೆಂಪಯ್ಯ ಮತ್ತು ಮಗಳು ಚೈತ್ರ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಸುದ್ದಿ ತಿಳಿಯದೆ ಗಿರಣಿಗೆ ರಾಗಿ ಡಬ್ಬ ಹೊತ್ತು ಬಂದ ಹೆಂಗಸರು ಎಳೆದ ಷಟರ್ ನೋಡಿ, ಕರೆಂಟು ಹೋಗಿರಬೇಕೆಂದುಕೊಂಡು ಸ್ವಲ್ಪ ಹೊತ್ತು ಕಾದು ವಾಪಸಾದರು.

ಅವಳ ಗಿರಣಿಗೆ ಬರುತ್ತಿದ್ದವರು ಯಾರೂ ಡಬ್ಬ ಇಟ್ಟು ಹೋಗುತ್ತಿರಲಿಲ್ಲ. ತಮ್ಮ ಕಾಳು ಮೇಲಿನ ತಗಡಿನ ಬಾಯಿಗೆ ಬೀಳುವುದರಿಂದ ಹಿಡಿದು ಕೆಳಗೆ ಬಟ್ಟೆಯ ತೋಳಿನಿಂದ ಹಿಟ್ಟು ಇಳಿಯುವ ತನಕ ನಿಂತೇ ನೋಡುತ್ತಿದ್ದರು. ಹಿಂದಿನವರ ಅಕ್ಕಿ ಹಿಟ್ಟು ತಮ್ಮ ಗೋಧಿಗೆ ಸೇರಿತೇ, ಕಲ್ಲಿನ ಸಂದಿಯಲ್ಲಿ ತಮ್ಮದೊಂದು ಹಿಡಿ ಉಳಿಯಿತೇ, ತೂಕದಲ್ಲಿ ಏನಾದರೂ ಕಮ್ಮಿಯಾಯಿತೇ ಎಂಬುದು ಪ್ರತಿಯೊಬ್ಬರ ಚಿಂತೆ. ಬೇರೆ ಗಿರಣಿಯವರು ಇದಕ್ಕೆ ಸಿಡುಕುತ್ತಿದ್ದರು. ಕಲಾವತಿ ಮಾತ್ರ ಸಿಡುಕುತ್ತಿರಲಿಲ್ಲ. ನಿಂತು ನೋಡಿಕೊಳ್ಳಿ, ಆಮೇಲೆ ನನ್ನನ್ನು ಕೇಳಬೇಡಿ ಎನ್ನುತ್ತಿದ್ದಳು. ಬೇರೆಯವರ ಜಾಗದಲ್ಲಿ ತಾನಿದ್ದರೂ ಅವಳು ಹಾಗೆಯೇ ನಿಲ್ಲುವವಳು.

ಹಾಗೆ ನಿಂತದ್ದಕ್ಕೆ ಲೆಕ್ಕವಿಲ್ಲ. ಗ್ಯಾಸ್ ಸಿಲಿಂಡರನ್ನು ಮನೆಯ ತಕ್ಕಡಿಯಲ್ಲಿ ತೂಗದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ದೇವಸ್ಥಾನದಲ್ಲಿ ತೆಂಗಿನಕಾಯಿ ಕೊಟ್ಟರೆ ಅದೇ ಕಾಯಿಯ ಹೋಳು ವಾಪಸು ಬಂತೇ ಎಂದು ಜೋಡಿಸಿ ನೋಡುತ್ತಿದ್ದಳು. ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ವಧುವಿನ ತಾಯಿ ಎಲ್ಲಿ ಎಂದು ಪುರೋಹಿತರು ಹುಡುಕಿದಾಗ, ಅವಳು ಅಡುಗೆ ಮನೆಯಲ್ಲಿ ತುಪ್ಪದ ಡಬ್ಬಗಳ ಪಕ್ಕ ನಿಂತಿದ್ದಳು. ಬಸವೇಶ್ವರನಗರದಿಂದ ಗೋಧಿ ಬೀಸಿಸಲು ಬರುತ್ತಿದ್ದ ಅನಂತಲಕ್ಷ್ಮಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು, ಅವಳಿಗೆ ಬಹಳ ಬೇಕಾದವರು. ಒಮ್ಮೆ ಅವರು ತಮಾಷೆಗೆ ಕೇಳಿದರು.

"ಹುಟ್ಟಿದ ತಾರೀಕನ್ನಾದ್ರೂ ನಂಬ್ತೀರಾ ಕಲಾವತಿ?"

"ಅದನ್ನ ಸ್ಕೂಲ್ ಮೇಷ್ಟ್ರು ಬರ್ಕೊಂಡಿದ್ದು ಮೇಡಂ. ಹೆಂಗೆ ನಂಬೋದು?"

ಅವಳ ಕಾಯಿಲೆಯ ಮೊದಲು ಇರುವುದು ಆ ಸ್ಕೂಲಿನ ದಿನಗಳಲ್ಲೇ. ತವರು ಲಗ್ಗೆರೆ. ಆಗಿನ್ನೂ ಅಲ್ಲಿ ರಾಗಿ ಹೊಲವಿತ್ತು. ಪೀಣ್ಯದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರು ಸಾಲು ಮನೆಗಳನ್ನು ಬಾಡಿಗೆ ಹಿಡಿಯುತ್ತಿದ್ದರು. ಹತ್ತು ವರ್ಷದವಳಿದ್ದಾಗ ಅವಳಿಗೆ ಗಂಟಲು ನೋವು ಬಂತು. ತಾಯಿ ಮೆಣಸಿನ ಕಷಾಯ ಕುಡಿಸಿದಳು, ಗಂಟಲು ವಾಸಿಯಾಯಿತು. ಕೆಲವು ವಾರ ಕಳೆದ ಮೇಲೆ ಬಲ ಮಂಡಿ ಊದಿತು. ಅದು ಇಳಿಯುವಷ್ಟರಲ್ಲಿ ಎಡಗಾಲಿನ ಹರಡಿನ ಗಂಟು, ಅದು ಇಳಿದರೆ ಮೊಣಕೈ. ನೋವು ಮೈಯೊಳಗೆ ಮನೆ ಬದಲಾಯಿಸುತ್ತಾ ಓಡಾಡಿತು. ಜ್ವರವೂ ಇತ್ತು. ಹೀಗೆ ಜಾಗ ಬದಲಿಸುವ ನೋವು ಕಾಯಿಲೆಯಲ್ಲ, ಯಾರದೋ ಕಣ್ಣು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಪಕ್ಕದ ಬಾಡಿಗೆ ಮನೆಯ ಹೆಂಗಸಿನ ಮೇಲೆ ಅನುಮಾನ ಹೋಯಿತು. ದೃಷ್ಟಿ ತೆಗೆದು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರು. ಊತ ಇಳಿಯಿತು. ಆ ಬಾಡಿಗೆಯವರನ್ನು ಮನೆ ಬಿಡಿಸಿದರು. ಕಲಾವತಿ ಮತ್ತೆ ಸ್ಕೂಲಿಗೆ ಹೋದಳು, ಎಲ್ಲರೂ ಮರೆತರು.

ಅವಳ ಹೃದಯದಲ್ಲಿ ಏನು ನಡೆಯಿತೆಂಬುದನ್ನು ಹೇಳಿದ್ದು ಮೂವತ್ತಮೂರು ವರ್ಷದ ಮೇಲೆ, ಆಪರೇಷನ್ನಿಗೆ ಮುಂಚೆ, ಆಸ್ಪತ್ರೆಯ ಡಾಕ್ಟರು. ಗಂಟಲಿಗೆ ಬಂದ ಕ್ರಿಮಿಯನ್ನು ಹುಡುಕಿಕೊಂಡು ಹೊರಟ ರಕ್ತದ ಕಾವಲುಗಾರರು ತಮ್ಮದೇ ಹೃದಯದ ಕವಾಟವನ್ನು ನೋಡಿ ಇದೇ ಕಳ್ಳ ಎಂದುಕೊಂಡುಬಿಡುತ್ತಾರೆ, ಎರಡರ ಮುಖಚರ್ಯೆ ಸ್ವಲ್ಪ ಒಂದೇ ಥರ ಇರುತ್ತದೆ ಎಂದು ಅವರು ವಿವರಿಸಿದರು. ಕೀಲಿಗೆ ಬಿದ್ದ ಪೆಟ್ಟು ವಾಸಿಯಾಗುತ್ತದೆ. ಕವಾಟಕ್ಕೆ ಬಿದ್ದದ್ದು ಗಾಯದ ಗುರುತಾಗಿ ಉಳಿದು, ವರ್ಷ ವರ್ಷಕ್ಕೆ ಗಟ್ಟಿಯಾಗಿ, ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಆಗಲೇ ಗಂಟಲಿಗೆ ಔಷಧಿ ಬಿದ್ದಿದ್ದರೆ, ಆಮೇಲೂ ಕೆಲವು ವರ್ಷ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಕೊಡಿಸಿದ್ದರೆ, ಬಹುಶಃ ಇಷ್ಟು ದೂರ ಬರುತ್ತಿರಲಿಲ್ಲ. ಕಲಾವತಿ ಇದನ್ನೆಲ್ಲ ಕೇಳಿಸಿಕೊಂಡು, ಗಂಟಲು ನೋವು ಊರಿಗೆಲ್ಲ ಬರುತ್ತದೆ, ನನ್ನ ಹೃದಯವೇ ಯಾಕೆ ಎಂದು ಕೇಳಿದಳಂತೆ. ಅದು ನಮಗೂ ಪೂರ್ತಿ ಗೊತ್ತಿಲ್ಲ ಎಂದರಂತೆ ಡಾಕ್ಟರು. ಆ ಉತ್ತರ ಅವಳಿಗೆ ಹಿಡಿಸಿತು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

ಅದಕ್ಕೆ ಮುಂಚೆ ಕಾಯಿಲೆ ಬೇರೆ ಬೇರೆ ಹೆಸರಿನಲ್ಲಿ ಬಂದುಹೋಗಿತ್ತು. ಕೆಂಪಯ್ಯನನ್ನು ಮದುವೆಯಾಗಿ ಕುರುಬರಹಳ್ಳಿಗೆ ಬಂದ ಹೊಸದರಲ್ಲಿ ಬಾವಿಯಿಂದ ಎರಡು ಕೊಡ ಸೇದಿದರೆ ಉಸಿರು ಕಟ್ಟುತ್ತಿತ್ತು. ಅತ್ತೆ ಅದನ್ನು ಸೋಮಾರಿತನ ಎಂದಳು. ಚೈತ್ರ ಹೊಟ್ಟೆಯಲ್ಲಿದ್ದಾಗ, ಏಳು ತಿಂಗಳು ತುಂಬಿದ ಮೇಲೆ, ಮಲಗಿದರೆ ಉಸಿರಾಡಲಾಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಳು. ಸೊಸೆ ನಾಟಕ ಆಡುತ್ತಿದ್ದಾಳೆ ಎಂದು ಅತ್ತೆಗೆ ಅನುಮಾನ. ಸಾರಿಗೆ ಅತ್ತೆ ಏನೋ ಬೆರೆಸುತ್ತಿದ್ದಾಳೆ ಎಂದು ಸೊಸೆಗೆ. ಬಸುರಿನಲ್ಲಿ ರಕ್ತ ಹೆಚ್ಚಾಗುತ್ತದೆ, ಕಿರಿದಾದ ಕವಾಟದಲ್ಲಿ ಅದು ದಾಟಲಾಗದೆ ಶ್ವಾಸಕೋಶಕ್ಕೆ ಹಿಂದೆ ಉಕ್ಕುತ್ತದೆ ಎಂಬುದು ಇಬ್ಬರಿಗೂ ತಿಳಿಯದು. ಹೆರಿಗೆ ವಾರ್ಡಿನಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರು ಅವಳ ಎದೆಯ ಮೇಲೆ ಇಟ್ಟ ಸ್ಟೆತಸ್ಕೋಪು ತೆಗೆಯದೆ ಬಹಳ ಹೊತ್ತು ಕೇಳಿ, ಚಿಕ್ಕಂದಿನಲ್ಲಿ ಕೀಲು ಊದಿತ್ತಾ ಎಂದು ವಿಚಾರಿಸಿದರು. ಇವರಿಗೆ ಹೇಗೆ ಗೊತ್ತಾಯಿತು, ಯಾರು ಹೇಳಿದರು ಎಂದು ಕಲಾವತಿ ಬಾಣಂತನ ಮುಗಿಯುವ ತನಕ ತಾಯಿಯನ್ನು ಪೀಡಿಸಿದಳು.

ಇನ್ನೊಂದು ಮಗು ಬೇಡವೆಂದರು. ಮೂವತ್ತರ ಹತ್ತಿರ, ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ ಕವಾಟವನ್ನು ಹಿಗ್ಗಿಸಿದರು. ಅದು ಒಂದಷ್ಟು ವರ್ಷ ಬಂತು. ಆಮೇಲೆ ಕಾಲು ಊದತೊಡಗಿತು, ಎದೆ ತಾಳ ತಪ್ಪಿ ಬಡಿಯತೊಡಗಿತು. ನಲವತ್ತಮೂರರಲ್ಲಿ ಎದೆ ತೆರೆದು ಹಳೆಯ ಕವಾಟ ತೆಗೆದು ಹೊಸದು ಕೂರಿಸಿದರು.

ಹೊಸದಕ್ಕೆ ಸದ್ದಿತ್ತು. ಕೈಗಡಿಯಾರವನ್ನು ಕಿವಿಗೆ ಹಿಡಿದಂತೆ ಟಿಕ್ ಟಿಕ್ ಎಂದು ಸಣ್ಣಗೆ ಕೇಳುತ್ತಿತ್ತು. ಕಲ್ಲು ತಿರುಗುವಾಗ ಅದು ಯಾರಿಗೂ ಕೇಳದು. ಕರೆಂಟು ಹೋಗಿ ಗಿರಣಿ ನಿಂತರೆ ಎದುರಿಗಿದ್ದವರು ಗೋಡೆಯ ಕಡೆ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಎರಡು ಗಡಿಯಾರ, ಒಂದು ಕೀಲಿ ಕೊಡದೆ ಓಡುತ್ತದೆ ಎಂದು ಕೆಂಪಯ್ಯ ಹೇಳಿದರೆ ಅವಳು, ಓಡುತ್ತಿರುವುದು ನಿಮ್ಮ ಪುಣ್ಯ, ನಿಂತರೆ ಈ ಬೆಲ್ಟು ಹಾಕೋರು ಯಾರು ಎನ್ನುತ್ತಿದ್ದಳು.

ಆ ಕವಾಟದ ಜೊತೆಗೆ ಒಂದು ಮಾತ್ರೆ ಬಂತು. ಹೊರಗಿನ ವಸ್ತುವಿನ ಮೇಲೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ, ಅದಕ್ಕಾಗಿ ರಕ್ತವನ್ನು ಸದಾ ತೆಳ್ಳಗೆ ಇಟ್ಟಿರಬೇಕು, ಜೀವ ಇರುವ ತನಕ ಒಂದು ದಿನವೂ ಬಿಡಬಾರದು ಎಂದು ಹೇಳಿ ಕಳಿಸಿದರು. ತೆಳುವು ಹೆಚ್ಚಾದರೆ ರಕ್ತಸ್ರಾವ, ಕಮ್ಮಿಯಾದರೆ ಕವಾಟ ಕಟ್ಟಿಕೊಳ್ಳುತ್ತದೆ. ಅದನ್ನು ನೋಡಲು ತಿಂಗಳಿಗೊಮ್ಮೆ ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಊಟದ ವಿಷಯಕ್ಕೂ ಕೈ ಹಾಕಿದರು. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಮಾತ್ರೆಯ ಕೆಲಸ ಕೆಡಿಸುತ್ತದೆ, ಆದ್ದರಿಂದ ತಿಂದರೆ ದಿನಾ ಒಂದೇ ಅಳತೆ ಸ್ವಲ್ಪ ತಿನ್ನಿ, ಒಂದು ದಿನ ರಾಶಿ ತಿನ್ನಬೇಡಿ ಎಂದರು. ವಾರಕ್ಕೆ ಮೂರು ದಿನ ಸೊಪ್ಪಿನ ಬಸ್ಸಾರು ಮಾಡುವ ಮನೆ ಅದು. ಸೊಪ್ಪು ತಿನ್ನಬೇಡ ಎನ್ನುವ ಔಷಧಿ ಎಂಥ ಔಷಧಿ ಎಂದು ಅವಳಿಗೆ ಅವತ್ತೇ ಒಂದು ಮುಳ್ಳು ಚುಚ್ಚಿತು.

ಆದರೂ ಎಂಟು ವರ್ಷ ಅವಳು ಕಟ್ಟುನಿಟ್ಟಾಗಿ ನಡೆದುಕೊಂಡಳು. ಸಂಜೆ ದೀಪ ಹಚ್ಚಿದ ಮೇಲೆ ಕೆಂಪಯ್ಯ ಒಂದು ಲೋಟ ನೀರು, ಅಂಗೈ ಮೇಲೆ ಮಾತ್ರೆ ಹಿಡಿದು ಬರುತ್ತಿದ್ದ. ತರುವವನೂ ಅವನೇ. ಒಮ್ಮೆ ಮೆಡಿಕಲ್ ಸ್ಟೋರಿನವನು ಹೆಚ್ಚು ಶಕ್ತಿಯ ಮಾತ್ರೆ ಕೊಟ್ಟುಬಿಟ್ಟಿದ್ದ. ಬಣ್ಣ ಬೇರೆ ಎಂದು ಅವಳು ತಡೆದಳು. ಡಾಕ್ಟರು ಮೆಚ್ಚಿ, ನಿಮ್ಮ ಅನುಮಾನವೇ ನಿಮ್ಮನ್ನು ಕಾಯುತ್ತಿದೆ ಎಂದರು. ಆ ಮಾತನ್ನು ಅವಳು ಸಿಕ್ಕಿದವರಿಗೆಲ್ಲ ಹೇಳಿಕೊಂಡಳು.

ಹೋದ ವರ್ಷದಿಂದ ಮನೆಯಲ್ಲಿ ಒಂದು ಮಾತು ನಡೆಯುತ್ತಿತ್ತು. ಗಿರಣಿ ಇರುವುದು ಮೂಲೆ ಜಾಗದಲ್ಲಿ. ಅವಳ ಒಡವೆ ಮಾರಿ ಕೊಂಡದ್ದರಿಂದ ಪತ್ರ ಅವಳ ಹೆಸರಿನಲ್ಲಿದೆ. ಬೈಕ್ ಷೋರೂಮಿಗೆ ಆ ಜಾಗ ಬೇಕೆಂದು ಯಾರೋ ಕೇಳುತ್ತಿದ್ದರು. ಕೆಂಪಯ್ಯನಿಗೆ ಕೊಟ್ಟುಬಿಡುವ ಆಸೆ. ಪ್ಯಾಕೆಟ್ ಹಿಟ್ಟು ಬಂದ ಮೇಲೆ ಗಿರಣಿಗೆ ಬರುವವರು ಕಮ್ಮಿ, ಬೆಲ್ಟು ಕಲ್ಲು ಎಳೆದಾಡಿ ತನಗೂ ಸಾಕಾಗಿದೆ ಎಂದ. ಕಲಾವತಿ ಸಹಿ ಹಾಕುವುದಿಲ್ಲ ಎಂದಳು. ಅವನು ಮತ್ತೆ ಎತ್ತಲಿಲ್ಲ. ಆದರೆ ಒಂದು ಮಧ್ಯಾಹ್ನ ಟೀ ಅಂಗಡಿಯ ಮುಂದೆ ಅವನು ಬ್ರೋಕರನ ಜೊತೆ ನಿಂತಿದ್ದನ್ನು ಅವಳು ಕಂಡಳು. ಅವಳನ್ನು ನೋಡಿ ಇಬ್ಬರೂ ಮಾತು ನಿಲ್ಲಿಸಿದರು. ಮನೆಗೆ ಬಂದ ಮೇಲೆ ಏನು ಮಾತು ಎಂದು ಕೇಳಿದರೆ, ಏನಿಲ್ಲ, ಕ್ರಿಕೆಟ್ಟು ಎಂದ. ಕೆಂಪಯ್ಯ ಕ್ರಿಕೆಟ್ ನೋಡುವವನಲ್ಲ.

ಇದಾದ ಕೆಲವೇ ದಿನಕ್ಕೆ ಗಿರಣಿಯ ಮುಂದೆ ಮಲಗುತ್ತಿದ್ದ ಬೀದಿ ನಾಯಿ ಕರಿಯನ ಮೂಗಿನಿಂದ ರಕ್ತ ಸುರಿಯಿತು. ಕೆಂಪಯ್ಯ ಹೆಗ್ಗಣಕ್ಕೆಂದು ಕಲ್ಲಿನ ಹಿಂದೆ ಇಟ್ಟಿದ್ದ ಇಲಿ ಕೇಕನ್ನು ಅದು ತಿಂದಿತ್ತು. ಕಲಾವತಿ ಅದನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಪಶು ವೈದ್ಯರ ಹತ್ತಿರ ಒಯ್ದಳು. ಡಾಕ್ಟರು ಸ್ಮೃತಿ ಎಂಬ ಹುಡುಗಿ, ಮಾತು ಜಾಸ್ತಿ. ಈ ವಿಷ ಕೂಡಲೇ ಕೊಲ್ಲುವುದಿಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ನಿಧಾನವಾಗಿ ಒಳಗೇ ಸೋರಿಸಿ ಕೊಲ್ಲುತ್ತದೆ, ಅದಕ್ಕೇ ಇಲಿಗೆ ಅನುಮಾನ ಬರುವುದಿಲ್ಲ ಎಂದು ವಿವರಿಸಿದಳು.

"ಪುಣ್ಯ ಮಾಡಿದಾನೆ ನಿಮ್ ಕರಿಯ. ಇದಕ್ಕೆ ಮದ್ದಿದೆ ಆಂಟಿ. ವಿಟಮಿನ್ ಕೆ ಚುಚ್ಚಿದ್ರೆ ಬದುಕ್ಕೊತಾನೆ."

ಕಲಾವತಿ ನಾಯಿಯ ಕಾಲು ಹಿಡಿದುಕೊಂಡೇ ಇದ್ದಳು. ಯಾವ ವಿಟಮಿನ್ ಎಂದು ಇನ್ನೊಮ್ಮೆ ಕೇಳಿದಳು.

ಕರಿಯ ಬದುಕಿತು. ಅವಳು ಮಾತ್ರ ವಾರವಿಡೀ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅನಂತಲಕ್ಷ್ಮಿ ಗೋಧಿ ತಂದಾಗ, ರಕ್ತ ತೆಳುವಾಗುವ ಮಾತ್ರೆಗೂ ಇಲಿ ಪಾಷಾಣಕ್ಕೂ ಏನಾದರೂ ಸಂಬಂಧ ಇದೆಯೇ ಎಂದು ಲಘುವಾಗಿ ಕೇಳಿದಳು. ವಿಜ್ಞಾನದ ಟೀಚರಿಗೆ ಸುಳ್ಳು ಹೇಳಲು ಬಾರದು. ಇದೆ, ಎರಡೂ ಒಂದೇ ಬಳಗದವು, ಈ ಮಾತ್ರೆಯ ಔಷಧಿ ಮೊದಲು ಇಲಿಗೆ ಬಳಕೆಗೆ ಬಂದದ್ದು, ಆಮೇಲೆ ಮನುಷ್ಯರಿಗೆ ಎಂದರು. ಯಾಕೆ ಕೇಳಿದಿರಿ ಎಂದರೆ, ಸುಮ್ಮನೆ ಎಂದಳು. ಅವರಿಗೂ ಅವಳು ಅರ್ಧವನ್ನೇ ಹೇಳಿದ್ದಳು.

ತಿಂಗಳ ಪರೀಕ್ಷೆಯಲ್ಲಿ ಆ ಸಲ ಐಎನ್‌ಆರ್ ಇರಬೇಕಾದ್ದಕ್ಕಿಂತ ಮೇಲಿತ್ತು, ಅಂದರೆ ರಕ್ತ ಅತಿ ತೆಳುವಾಗಿತ್ತು. ನೆಗಡಿ ಜ್ವರಕ್ಕೆ ಏನಾದರೂ ಮಾತ್ರೆ ತಗೊಂಡಿರಾ ಎಂದು ಡಾಕ್ಟರು ಕೇಳಿದರು. ತಗೊಂಡಿದ್ದಳು. ಹಾಗಾದರೆ ಅದಕ್ಕೇ ಏರಿದೆ, ಇಳಿಯುತ್ತದೆ ಎಂದರು. ಅವಳು ಎದ್ದು ಹೋಗಲಿಲ್ಲ. ಇಲಿ ಪಾಷಾಣದ ವಿಷಯ ಕೇಳಿಯೇಬಿಟ್ಟಳು. ಡಾಕ್ಟರು ನಕ್ಕರು.

"ನಿಜ ಕಣಮ್ಮ. ಇಲಿಗೆ ಲೆಕ್ಕ ಇಲ್ಲದೆ ಕೊಡ್ತಾರೆ, ನಿಮಗೆ ಅಳತೆ ಮಾಡಿ ಕೊಡ್ತೀವಿ. ಅಷ್ಟೇ ವ್ಯತ್ಯಾಸ. ಅಳತೆ ತಪ್ಪಬಾರದು ಅಂತಾನೇ ತಿಂಗಳು ತಿಂಗಳು ರಕ್ತ ತೆಗೆಯೋದು."

ಬೇರೆ ಯಾರಿಗಾದರೂ ಅದು ಸಮಾಧಾನದ ಮಾತು. ಆದರೆ ಅಳತೆ ಎಂಬುದು ಅಳೆಯುವ ಕೈಯನ್ನು ಅವಲಂಬಿಸಿದ್ದು ಎಂದು ಗಿರಣಿಯವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಡಾಕ್ಟರು ಬರೆದ ಅಳತೆ ಕಾಗದದ ಮೇಲಿತ್ತು. ಸಂಜೆ ಅಂಗೈ ಮೇಲೆ ಬರುತ್ತಿದ್ದುದು ಕೆಂಪಯ್ಯನ ಅಳತೆ. ಸಾರಿಗೆ, ಕಾಫಿಗೆ ಇನ್ನೆಷ್ಟು ಬೀಳುತ್ತಿದೆಯೋ ಯಾರಿಗೆ ಗೊತ್ತು. ಇಲಿ ಕೇಕು ತಂದವನೂ ಅವನೇ. ಬ್ರೋಕರನ ಜೊತೆ ನಿಂತವನೂ ಅವನೇ. ನಿಧಾನವಾಗಿ ಕೊಲ್ಲುತ್ತದೆ, ಅನುಮಾನ ಬರುವುದಿಲ್ಲ ಎಂದು ಆ ಹುಡುಗಿ ಹೇಳಿದ್ದು ಅವಳ ಕಿವಿಯಲ್ಲೇ ಕೂತಿತ್ತು.

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡನನ್ನು ಹೀಗೆ ನೋಡುವುದು ಅವಳಿಗೆ ಸುಲಭವಾಗಿರಲಿಲ್ಲ. ಅದನ್ನು ಇಲ್ಲಿ ಹೇಳದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಅವನು ಒಳ್ಳೆಯವನೆಂದೇ ಸಾಬೀತಾಗಲಿ ಎಂದು ಅವಳು ಪರೀಕ್ಷೆಗೆ ಇಳಿದಳು. ಸಂಜೆ ಅವನು ಕೊಟ್ಟ ಮಾತ್ರೆಯನ್ನು ದವಡೆಯ ಸಂದಿಯಲ್ಲಿ ಇಟ್ಟುಕೊಂಡು, ನೀರು ಕುಡಿದು, ಅವನು ಆಚೆ ತಿರುಗಿದ ಮೇಲೆ ತೆಗೆದಳು. ಅದನ್ನು ರಾಗಿ ಹಿಟ್ಟು, ಬೆಲ್ಲದ ಉಂಡೆಯೊಳಗಿಟ್ಟು ಕಲ್ಲಿನ ಹಿಂದಿನ ಬಿಲದ ಬಾಯಲ್ಲಿ ಇಟ್ಟಳು. ಬೆಳಿಗ್ಗೆಗೆ ಉಂಡೆ ಇರಲಿಲ್ಲ. ಮರುದಿನ ಮತ್ತೆ ಇಟ್ಟಳು. ಕರಿಯ ಹತ್ತಿರ ಬಾರದಂತೆ ಹಲಗೆ ಅಡ್ಡ ಹಾಕಿದಳು. ವಾರ ತುಂಬುವ ಮುಂಚೆ ಒಂದು ಇಲಿ ಹಾಡಹಗಲೇ ತೂರಾಡಿಕೊಂಡು ಹೊರಗೆ ಬಂದು ಗೋಧಿ ಕಲ್ಲಿನ ಬುಡದಲ್ಲಿ ಬಿದ್ದು ಸತ್ತಿತು. ಮೂತಿಯ ಮೇಲೆ ರಕ್ತ ಇತ್ತು. ಅವಳು ಅದನ್ನು ಮೊರದಲ್ಲಿ ಎತ್ತಿಕೊಂಡು ಮೋರಿಗೆ ಹಾಕಿ, ಕೈ ತೊಳೆದು, ಕಾದಿದ್ದವರ ರಾಗಿ ಬೀಸಿಕೊಟ್ಟಳು.

ಮಾತ್ರೆ ಎಂದಿನ ಮಾತ್ರೆಯೇ. ಒಬ್ಬ ಹೆಂಗಸಿಗೆ ಸರಿಯಾದ ಅಳತೆ ಒಂದು ಇಲಿಗೆ ಅತಿಯಾಯಿತು, ಅಷ್ಟೇ. ತಾನೇ ಅಂಗಡಿಗೆ ಹೋಗಿ ಕೊಂಡು ತಂದ ಮಾತ್ರೆಯನ್ನು ಇನ್ನೊಂದು ಇಲಿಗೆ ಹಾಕಿ ನೋಡಿದ್ದರೆ ಅದೂ ಸಾಯುತ್ತಿತ್ತು. ಅದು ಅವಳಿಗೆ ಹೊಳೆಯಲಿಲ್ಲ. ಊರನ್ನೆಲ್ಲ ಅನುಮಾನಿಸಿದವಳಿಗೆ ತನ್ನ ಅನುಮಾನದ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಅಲ್ಲಿಂದ ಅವಳು ಮಾತ್ರೆ ನುಂಗಲೇ ಇಲ್ಲ. ದಿನಾ ಸಂಜೆ ಬಾಯಿ ತೆರೆದು, ನೀರು ಕುಡಿದು, ಮಾತ್ರೆಯನ್ನು ಬಿಲದ ಬಾಯಿಗೆ ಒಯ್ದಳು. ಮುಂದಿನ ತಿಂಗಳ ರಕ್ತ ಪರೀಕ್ಷೆಯನ್ನು ಏನೋ ನೆಪ ಹೇಳಿ ಮುಂದೂಡಿದಳು. ವಿಚಿತ್ರವೆಂದರೆ ಅವಳಿಗೆ ಹಾಯೆನಿಸಿತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಬರುತ್ತಿದ್ದುದು ನಿಂತಿತು. ಚೀಲ ತಗುಲಿದರೆ ತೋಳಿನಲ್ಲಿ ಏಳುತ್ತಿದ್ದ ನೀಲಿ ಮಚ್ಚೆಗಳು ಮಾಯವಾದವು. ವಿಟಮಿನ್ ಕೆ ಕರಿಯನನ್ನು ಉಳಿಸಿತ್ತಲ್ಲ, ಅದಕ್ಕೇ ಸೊಪ್ಪು ತಂದಳು. ದಂಟು, ಹೊನಗೊನೆ, ನುಗ್ಗೆ ಎಲ್ಲ ಬೆರೆಸಿ ಬಸ್ಸಾರು ಮಾಡಿ, ಎಂಟು ವರ್ಷದ ಮೇಲೆ ಹೊಟ್ಟೆ ತುಂಬ ಉಂಡಳು. ಕೆಂಪಯ್ಯ ಜಾಸ್ತಿ ತಿನ್ನಬೇಡ ಎಂದು ತಟ್ಟೆಗೆ ಕೈ ಅಡ್ಡ ಹಿಡಿದ. ಬೇಡ ಎನ್ನುವುದು ಯಾಕೆಂದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಕೆಂಗೇರಿಯಲ್ಲಿದ್ದ ಚೈತ್ರಳಿಗೆ ಫೋನು ಮಾಡಿ, ಸುತ್ತುಬಳಸಿನ ಮಾತಿಲ್ಲದೆ ಹೇಳಿದಳು.

"ನಂಗೇನಾದ್ರೂ ಆದ್ರೆ, ನಿಮ್ಮಪ್ಪ ಏನ್ ಕೊಡ್ತಿದ್ರು ಅಂತ ಕೇಳು. ಸೈಟಿನ ವಿಷ್ಯಾನೂ ಮರೀಬೇಡ."

ಚೈತ್ರ ಮೊದಲು ಬೈದಳು. ಏನಮ್ಮ ಮಾತಾಡ್ತಿದೀಯ, ಅಪ್ಪನ ಮೇಲೇನಾ ಎಂದಳು. ಆದರೆ ಅಪ್ಪ ಕೊಟ್ಟ ಮಾತ್ರೆ ತಿಂದು ಇಲಿ ಸತ್ತಿತೆಂದು ಕೇಳಿದ ಮೇಲೆ ಬೈಯುವುದನ್ನು ಬಿಟ್ಟಳು. ತಾನು ನುಂಗುವುದನ್ನೇ ಬಿಟ್ಟದ್ದನ್ನು ಕಲಾವತಿ ಅವಳಿಗೂ ಹೇಳಲಿಲ್ಲ. ಭಾನುವಾರ ಬಂದು ಮಾತಾಡುತ್ತೇನೆ, ಅಲ್ಲಿಯವರೆಗೆ ಅಪ್ಪನಿಗೆ ಏನೂ ಹೇಳಬೇಡ ಎಂದಳು. ಆ ಭಾನುವಾರ ಅವಳ ಮಗುವಿಗೆ ಜ್ವರ ಬಂದು ಬರಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಕಲಾವತಿ ಹತ್ತು ಕೇಜಿ ಚೀಲ ಎತ್ತಲು ಬಗ್ಗಿದವಳು ಹಾಗೇ ಕೂತಳು. ಉಸಿರು ಸಿಗುತ್ತಿರಲಿಲ್ಲ. ಅದು ಚೈತ್ರ ಹೊಟ್ಟೆಯಲ್ಲಿದ್ದಾಗಿನ ಉಸಿರು, ಅವಳಿಗೆ ಗುರುತು ಸಿಕ್ಕಿತು. ಆದರೆ ಅವಳು ಅದನ್ನೂ ಕೆಂಪಯ್ಯನ ಲೆಕ್ಕಕ್ಕೇ ಹಾಕಿದಳು. ಮಾತ್ರೆ ಬಿಟ್ಟದ್ದು ಗೊತ್ತಾಗಿ ಬೇರೇನೋ ಹಾಕಿದ್ದಾನೆ. ಮಧ್ಯಾಹ್ನದ ತನಕ ಸ್ಟೂಲಿನ ಮೇಲೆ ಕೂತೇ ಕಾಲ ತಳ್ಳಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಕಲ್ಲುಗಳು ನಿಧಾನವಾಗಿ ನಿಂತವು. ಬೆಲ್ಟಿಗೆ ಎಣ್ಣೆ ಬಿಡುತ್ತಿದ್ದ ಕೆಂಪಯ್ಯ ತಲೆ ಎತ್ತಿ ಅವಳ ಕಡೆ ನೋಡಿದ. ಹತ್ತಿರ ಬಂದು ಬಗ್ಗಿ ನಿಂತ.

"ಕಲಾ, ನಿನ್ ಸದ್ದೇ ಕೇಳಿಸ್ತಿಲ್ಲ."

"ಕಿವಿ ಮಂದ ಆಗಿರ್ಬೇಕು ನಿಮ್ಗೆ."

"ಗೋಡೆ ಗಡಿಯಾರದ್ದು ಕೇಳಿಸ್ತಿದೆ. ನಿಂದೇ ಇಲ್ಲ. ಏಳು, ಆಸ್ಪತ್ರೆಗೆ ಹೋಗೋಣ."

ಕವಾಟದ ಮೇಲೆ ಹೆಪ್ಪು ಕೂತಾಗ ಮೊದಲು ಮಂಕಾಗುವುದು ಆ ಟಿಕ್ ಸದ್ದು. ಡಾಕ್ಟರು ಎಂದೋ ಒಮ್ಮೆ ಹೇಳಿದ್ದನ್ನು ಎಂಟು ವರ್ಷ ನೆನಪಿಟ್ಟುಕೊಂಡಿದ್ದವನು ಅವನು. ಅವಳು ಅವನ ಮುಖವನ್ನೇ ನೋಡಿದಳು.

"ನಿಲ್ಲೋದನ್ನೇ ಕಾಯ್ತಿದ್ರಾ?" ಎಂದಳು.

ಕೆಂಪಯ್ಯನಿಗೆ ಆ ಮಾತಿನ ಅರ್ಥವಾಗಲಿಲ್ಲ. ಅವನು ಆಟೋ ತರಲು ಓಡಿದ. ಆಟೋ ಬಂತು, ಅವಳು ಹತ್ತಲಿಲ್ಲ. ಚೈತ್ರ ಬರಲಿ, ಅವಳ ಜೊತೆಗೇ ಹೋಗುತ್ತೇನೆ ಎಂದು ಹಟ ಹಿಡಿದಳು. ಚೈತ್ರ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ, ಹೊಸಹಳ್ಳಿಯಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದು ಬರುವ ಹೊತ್ತಿಗೆ ಅವಳ ತುಟಿ ನೀಲಿಯಾಗಿತ್ತು. ಕೆಂಪಯ್ಯ ಅಷ್ಟು ಹೊತ್ತೂ ಗಿರಣಿಯ ಹೊಸ್ತಿಲಲ್ಲಿ ನಿಂತಿದ್ದ. ಆಟೋದವನು ಎರಡು ಸಲ ಹೊರಟು ಎರಡು ಸಲವೂ ಅವನ ಮುಖ ನೋಡಿ ನಿಂತ.

ಆಸ್ಪತ್ರೆಯಲ್ಲಿ ತಕ್ಷಣ ಆಕ್ಸಿಜನ್ ಹಾಕಿದರು, ಎದೆಯ ಸ್ಕ್ಯಾನ್ ಮಾಡಿದರು. ಕವಾಟದ ಎಲೆಯಂಥ ಎರಡು ಬಾಗಿಲುಗಳಲ್ಲಿ ಒಂದು ಅಲುಗುತ್ತಿರಲಿಲ್ಲ, ಇನ್ನೊಂದು ಅರ್ಧ ಮಾತ್ರ ತೆರೆಯುತ್ತಿತ್ತು. ರಕ್ತದ ರಿಪೋರ್ಟು ಬಂದಾಗ ಡ್ಯೂಟಿ ಡಾಕ್ಟರು ಅದನ್ನು ಎರಡು ಸಲ ನೋಡಿದರು. ಔಷಧಿಯನ್ನೇ ಕಾಣದ ಮೈಯಲ್ಲಿ ಇರಬೇಕಾದಷ್ಟು ಇತ್ತು ಐಎನ್‌ಆರ್. ಮನೆಯಲ್ಲಿ ಮಾತ್ರೆ ಯಾರು ಕೊಡುವುದು ಎಂದು ಕೇಳಿದರು.

"ನಾನೇ ಸಾರ್," ಎಂದ ಕೆಂಪಯ್ಯ. "ಒಂದಿನಾನೂ ತಪ್ಸಿಲ್ಲ."

ಹಿಟ್ಟು ಮೆತ್ತಿದ ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದ. ಡಾಕ್ಟರು ತಿರುಗಿಸಿ ಓದಿದರು. ಮಾತ್ರೆ ಸರಿಯಾಗಿದೆ, ಇದನ್ನು ದಿನಾ ನುಂಗಿದ್ದರೆ ರಕ್ತ ಹೀಗಿರಲು ಸಾಧ್ಯವೇ ಇಲ್ಲ, ಇವರು ಕೊಟ್ಟದ್ದು ಇದೇನಾ ಎಂದು ಮಗಳನ್ನು ಕೇಳಿದರು. ಅಲ್ಲಿಯವರೆಗೆ ತಾಯಿಯ ಪಾದ ಉಜ್ಜುತ್ತಿದ್ದ ಚೈತ್ರ ಎದ್ದು ನಿಂತಳು.

"ಬರ್ಕೊಳಿ ಸಾರ್. ಅಮ್ಮ ಮೊದ್ಲೇ ಹೇಳಿದ್ಲು. ಇವ್ರು ಬೇರೆ ಏನೋ ಕೊಡ್ತಾ ಇದ್ರು. ಸೈಟಿಗೋಸ್ಕರ."

ಕೆಂಪಯ್ಯ ಮಗಳ ಕಡೆ ನೋಡಿದ. ಮಾತ್ರೆಯ ಪಟ್ಟಿ ಹಿಡಿದ ಕೈ ಇನ್ನೂ ಚಾಚಿಯೇ ಇತ್ತು. ಡಾಕ್ಟರು ಧ್ವನಿ ತಗ್ಗಿಸಿ, ಹಾಗಿದ್ದರೆ ಪೊಲೀಸಿಗೆ ತಿಳಿಸಬೇಕಾಗುತ್ತದೆ ಎಂದರು. ಕೊಡುತ್ತಿದ್ದವರ ಹೆಸರೇನು ಎಂದು ಪಕ್ಕದಲ್ಲಿದ್ದ ನರ್ಸ್ ಕೇಳಿ ಕೇಸ್ ಶೀಟಿನಲ್ಲಿ ಬರೆಯತೊಡಗಿದಳು.

ಕಲಾವತಿಗೆ ಎಲ್ಲ ಕೇಳಿಸುತ್ತಿತ್ತು. ಮಾತ್ರೆ ಸರಿಯಾಗಿದೆ ಎಂದದ್ದೂ ಕೇಳಿಸಿತ್ತು, ನುಂಗಿದ್ದರೆ ಹೀಗಾಗುತ್ತಿರಲಿಲ್ಲ ಎಂದದ್ದೂ. ಅವಳು ಲೆಕ್ಕದಲ್ಲಿ ಯಾವತ್ತೂ ತಪ್ಪಿದವಳಲ್ಲ. ಸತ್ತ ಇಲಿ, ನಿಂತುಹೋದ ವಸಡಿನ ರಕ್ತ, ಹೊಟ್ಟೆ ತುಂಬ ಉಂಡ ಸೊಪ್ಪು, ಅವನಿಗೆ ಕೇಳಿಸದೆ ಹೋದ ಸದ್ದು, ಎಲ್ಲವನ್ನೂ ಅವಳು ಆ ಮಂಚದ ಮೇಲೆ ಮಲಗಿಯೇ ಇನ್ನೊಮ್ಮೆ ಕೂಡಿಸಿರಬೇಕು. ಕೂಡಿಸಿ ಬಂದ ಉತ್ತರವನ್ನು ಬಾಯಿಬಿಟ್ಟು ಹೇಳಿದರೆ, ಇಷ್ಟು ದಿನ ಗಂಡನನ್ನು ಏನೆಂದುಕೊಂಡಿದ್ದಳು ಎಂಬುದು ಅವನಿಗೆ ಗೊತ್ತಾಗುತ್ತಿತ್ತು. ಹೇಳದಿದ್ದರೆ ನರ್ಸ್ ಬರೆಯುತ್ತಿದ್ದುದು ಹಾಗೇ ಉಳಿಯುತ್ತಿತ್ತು.

ಅವಳು ಕೈ ಎತ್ತಿ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕ್ ಗದ್ದಕ್ಕೆ ಎಳೆದಳು. ಹಾಕ್ಕೊಳಮ್ಮ ಎಂದು ಚೈತ್ರ ಬಗ್ಗಿದರೆ ಅವಳ ಕೈಯನ್ನು ತಳ್ಳಿದಳು.

"ಅವ್ರು ಸರಿಯಾಗೇ ಕೊಟ್ರು ಸಾರ್," ಎಂದಳು. ಉಸಿರಿಗೆ ತಡೆದು ಮುಂದುವರಿಸಿದಳು. "ನಾನೇ ನುಂಗ್ಲಿಲ್ಲ. ಇಲಿಗೆ ಹಾಕ್ದೆ."

ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು. ಕರಿಯನಿಗೆ ಇಂಜೆಕ್ಷನ್ ಕೊಡಿಸಿ, ತನ್ನ ರಕ್ತ ಪರೀಕ್ಷೆ ಮಾಡಿಸಿದ ಮೇಲಿನಿಂದ ಎಂದಳು. ಡಾಕ್ಟರಿಗೆ ಕರಿಯ ಯಾರೆಂದು ತಿಳಿಯಲಿಲ್ಲ. ಆರು ವಾರ ಆಯ್ತು ಎಂದು ಕೆಂಪಯ್ಯ ಮೆಲ್ಲಗೆ ಹೇಳಿದ. ಹೆಪ್ಪು ಹಳೆಯದಲ್ಲ, ಕರಗಿಸುವ ಇಂಜೆಕ್ಷನ್ ಈಗಲೇ ಶುರು ಮಾಡೋಣ ಎಂದು ಡಾಕ್ಟರು ನರ್ಸಿಗೆ ಹೇಳಿದರು. ನರ್ಸ್ ಶೀಟನ್ನು ಮಂಚದ ತುದಿಗೆ ಇಟ್ಟು ತಿರುಗಿದಳು. ಕಲಾವತಿ ಅವಳ ಸೆರಗಿನ ತುದಿ ಹಿಡಿದಳು.

"ಅವ್ರ ಹೆಸ್ರು ಹೊಡೆದ್ಹಾಕಮ್ಮ."

ಆಮೇಲೆ ಹೊಡೆದುಹಾಕುತ್ತೇನೆ ಎಂದಳು ನರ್ಸ್. ಕಲಾವತಿ ಸೆರಗು ಬಿಡಲಿಲ್ಲ. ನರ್ಸ್ ಪೆನ್ನು ತೆಗೆದು, ಶೀಟನ್ನು ಅವಳಿಗೆ ಕಾಣುವ ಹಾಗೆ ಹಿಡಿದು, ಆ ಸಾಲಿನ ಮೇಲೆ ಗೆರೆ ಎಳೆದಳು. ಕಲಾವತಿ ಇನ್ನೊಂದು ಗೆರೆ ಎಳೆ ಎಂದು ಬೆರಳಿನಲ್ಲಿ ತೋರಿಸಿದಳು. ಅದನ್ನೂ ಎಳೆದ ಮೇಲೆ ಸೆರಗು ಬಿಟ್ಟು, ಮಾಸ್ಕನ್ನು ತಾನೇ ಎತ್ತಿ ಮೂಗಿನ ಮೇಲೆ ಕೂರಿಸಿಕೊಂಡು, ಇಂಜೆಕ್ಷನ್ನಿಗೆ ಕೈ ಚಾಚಿದಳು.